ಲಿಟಲ್ ಮೋ ಕೈ ಬದಲಿಸಿದ್ದು ನಿಜ, ಆದರೆ ಗೆದ್ದದ್ದು ಅದರಿಂದಲ್ಲ

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತೂವರೆ ವರ್ಷ. ಎಂಟು ತಿಂಗಳಿಂದ ಟೆನಿಸ್ ಕಲಿಯುತ್ತಿದ್ದಾಳೆ. ಬರೆಯುವುದು, ಚೆಂಡು ಎಸೆಯುವುದು, ಹಲ್ಲುಜ್ಜುವುದು ಎಲ್ಲ ಎಡಗೈ. ಊಟ ಮಾತ್ರ ಅಜ್ಜಿಯ ಒತ್ತಾಯಕ್ಕೆ ಬಲಗೈಯಲ್ಲಿ. ಈಗ ಅವಳ ಕೋಚ್ "ಇನ್ನೂ ಚಿಕ್ಕವಳು, ಈಗಲೇ ಬಲಗೈಗೆ ತಿರುಗಿಸಿಬಿಡೋಣ" ಎನ್ನುತ್ತಿದ್ದಾರೆ. 1953ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್ (ಆಸ್ಟ್ರೇಲಿಯಾ, ಪ್ಯಾರಿಸ್, ವಿಂಬಲ್ಡನ್, ಅಮೆರಿಕದ ದೊಡ್ಡ ಟೂರ್ನಿಗಳು) ಗೆದ್ದ, "ಲಿಟಲ್ ಮೋ" ಎಂದು ಹೆಸರಾದ ಮೌರೀನ್ ಕೊನೊಲಿ ಎಡಚಿಯಾಗಿದ್ದಳಂತೆ, ಬಲಗೈಗೆ ಬದಲಿಸಿದ್ದರಿಂದಲೇ ಚಾಂಪಿಯನ್ ಆದಳಂತೆ. ಎದುರಾಳಿಯನ್ನು ದ್ವೇಷಿಸಲು ಕಲಿಸಿದ್ದರಂತೆ, ಭುಜದ ನೋವಿನಲ್ಲೂ ಆಡಿ ವಿಂಬಲ್ಡನ್ ಗೆದ್ದಳಂತೆ. "ನಿಮ್ಮ ಮಗಳಿಗೂ ಅಂಥ ಗಟ್ಟಿತನ ಬೇಕು" ಎಂದರು. ಮನೆಗೆ ಬಂದು ಓದಿದರೆ, ಆಕೆಯ ಆಟ 19ನೇ ವಯಸ್ಸಿಗೇ ಮುಗಿದಿತ್ತು, 34ಕ್ಕೆ ತೀರಿಕೊಂಡಿದ್ದಳು. ಸಣ್ಣ ವಯಸ್ಸಿನಲ್ಲಿ ಅತಿಯಾಗಿ ಆಡಿಸಿದ್ದರಿಂದ ಹೀಗಾಯಿತೇ? ಮಗಳ ಕೈ ಬದಲಿಸಲು ಒಪ್ಪಬೇಕೇ, ಬೇಡವೇ?

ಉತ್ತರ: ಬೇಡ. ಯಾಕೆ ಬೇಡ ಎನ್ನುವುದನ್ನು ಮೌರೀನ್ ಕಥೆಯಿಂದಲೇ ಹೇಳಬಹುದು, ಏಕೆಂದರೆ ನಿಮ್ಮ ಕೋಚ್ ಹೇಳಿದ ಪ್ರತಿಯೊಂದು ಸಂಗತಿಯೂ ಅರ್ಧ ನಿಜ. ಘಟನೆಗಳು ನಡೆದಿವೆ. ಯಾವುದರಿಂದ ಏನಾಯಿತು ಎನ್ನುವ ಜೋಡಣೆ ಮಾತ್ರ ತಪ್ಪಾಗಿದೆ. ನಿಮ್ಮ ಹೆದರಿಕೆಯದ್ದು ಬೇಗ ಮುಗಿಯುವ ವಿಷಯ, ಅದನ್ನು ಮೊದಲು ತೆಗೆದುಕೊಳ್ಳುತ್ತೇನೆ.

19ಕ್ಕೆ ಆಟ ನಿಂತದ್ದು ಟೆನಿಸ್‌ನಿಂದಲ್ಲ. 1954ರ ಜುಲೈ 20, ಮೂರನೆಯ ಬಾರಿ ವಿಂಬಲ್ಡನ್ ಗೆದ್ದು ಇನ್ನೂ ಮೂರು ವಾರ ತುಂಬಿರಲಿಲ್ಲ. ಮೌರೀನ್ ತನ್ನೂರು ಸ್ಯಾನ್ ಡಿಯಾಗೋದಲ್ಲಿ ಕರ್ನಲ್ ಮೆರಿಬಾಯ್ ಎಂಬ ತನ್ನ ಕುದುರೆಯ ಮೇಲೆ ಹೋಗುತ್ತಿದ್ದಾಗ ಕಾಂಕ್ರೀಟ್ ಮಿಕ್ಸರ್ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಕುದುರೆ ಬೆದರಿತು. ಆಕೆಯ ಬಲಗಾಲು ಲಾರಿಗೂ ಕುದುರೆಗೂ ನಡುವೆ ಸಿಕ್ಕಿ ಜಜ್ಜಿತು. ಮೊಣಕಾಲಿನ ಕೆಳಗಿರುವ ಎರಡು ಮೂಳೆಗಳಲ್ಲಿ ತೆಳ್ಳಗಿನದಾದ ಫಿಬುಲಾ ಮುರಿಯಿತು, ಮೀನಖಂಡದ ಸ್ನಾಯುಗಳು ಕತ್ತರಿಸಿಹೋದವು.

ಇಲ್ಲಿ ಆಟ ಮುಗಿಸಿದ್ದು ಮೂಳೆಯಲ್ಲ, ಸ್ನಾಯು. ಮೈಭಾರದ ಬಹುಪಾಲನ್ನು ಪಕ್ಕದ ದಪ್ಪ ಮೂಳೆಯೇ ಹೊರುತ್ತದೆ. ಫಿಬುಲಾ ಒಂದೇ ಮುರಿದಿದ್ದರೆ ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಟೆನಿಸ್‌ನಲ್ಲಿ ಎದುರಾಳಿ ಚೆಂಡು ಹೊಡೆಯುವ ಕ್ಷಣಕ್ಕೆ ಸಣ್ಣಗೆ ಪುಟಿದು ನಿಲ್ಲುವುದು, ಅಲ್ಲಿಂದ ಮೊದಲ ಹೆಜ್ಜೆ ಚಿಮ್ಮುವುದು, ಓಡಿ ಹೋಗಿ ಗಕ್ಕನೆ ನಿಂತು ಹಿಂತಿರುಗುವುದು, ಇವೆಲ್ಲ ಮೀನಖಂಡದ ಕೆಲಸ. ಕತ್ತರಿಸಿಹೋದ ಸ್ನಾಯು ಕೂಡಿಕೊಂಡ ಜಾಗದಲ್ಲಿ ಗಟ್ಟಿ ಕಲೆ ಕಟ್ಟುತ್ತದೆ. ಅದು ಮೊದಲಿನಂತೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಂಥ ಕಾಲಿನಲ್ಲಿ ನಡೆಯಬಹುದು, ಮಕ್ಕಳಿಗೆ ಆಟ ಕಲಿಸಬಹುದು, ಪ್ರದರ್ಶನ ಪಂದ್ಯ ಆಡಬಹುದು. ಆಗ ಅಮೆರಿಕನ್ ಚಾಂಪಿಯನ್‌ಷಿಪ್ ನಡೆಯುತ್ತಿದ್ದ ಫೋರೆಸ್ಟ್ ಹಿಲ್ಸ್‌ನ ಹುಲ್ಲಿನ ಮೇಲೆ ಮೂರು ಸೆಟ್ ಓಡಲಾಗದು. 1955ರ ಆರಂಭದಲ್ಲಿ ಮೌರೀನ್ ನಿವೃತ್ತಿ ಘೋಷಿಸಿದಳು. ಅದೇ ವರ್ಷ, ಅಮೆರಿಕದ ಒಲಿಂಪಿಕ್ ಕುದುರೆ ಸವಾರಿ ತಂಡದಲ್ಲಿದ್ದ ನಾರ್ಮನ್ ಬ್ರಿಂಕರ್ ಅವರನ್ನು ಮದುವೆಯಾದಳು. ಸಾವಿಗೂ ಆಟಕ್ಕೂ ಸಂಬಂಧವಿಲ್ಲ: 1966ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು, 1969ರ ಜೂನ್ 21ರಂದು ಡಲ್ಲಾಸ್‌ನಲ್ಲಿ ತೀರಿಕೊಂಡಳು.

"ಆಟ ಸಾಕಾಗಿ ಬಿಟ್ಟಳು" ಎನ್ನುವವರೂ ಇದ್ದಾರೆ. ಅದು ಸುಳ್ಳು ಎನ್ನುವುದಕ್ಕೆ ನ್ಯಾಯಾಲಯದ ದಾಖಲೆಯೇ ಇದೆ. ಆಗ ವಿಂಬಲ್ಡನ್, ಅಮೆರಿಕನ್ ಚಾಂಪಿಯನ್‌ಷಿಪ್ ಎಲ್ಲ ಅಮೆಚೂರ್‌ಗಳಿಗೆ ಮಾತ್ರ. ಗೆದ್ದವರಿಗೆ ಬಹುಮಾನದ ಹಣವಿಲ್ಲ. ಹಣ ಬೇಕಿದ್ದರೆ ಪ್ರೊಫೆಷನಲ್ ಆಗಿ ಪ್ರವಾಸಿ ಪಂದ್ಯಗಳನ್ನು ಆಡಬೇಕು, ಹಾಗೆ ಹೋದವರಿಗೆ ಈ ಟೂರ್ನಿಗಳ ಬಾಗಿಲು ಮುಚ್ಚುತ್ತಿತ್ತು. 1947ರಲ್ಲಿ ಪಾಲಿನ್ ಬೆಟ್ಜ್ ಎಂಬ ಅಮೆರಿಕದ ಆಟಗಾರ್ತಿ ಪ್ರೊಫೆಷನಲ್ ಆಗುವ ಬಗ್ಗೆ ವಿಚಾರಿಸಿದ್ದಕ್ಕೇ ಅಮೆರಿಕದ ಟೆನಿಸ್ ಸಂಸ್ಥೆ ಅವರನ್ನು ಅಮಾನತು ಮಾಡಿತ್ತು. ಮೌರೀನ್ 1954ರ ಅಮೆರಿಕನ್ ಚಾಂಪಿಯನ್‌ಷಿಪ್ ಮುಗಿಸಿ ಪ್ರೊಫೆಷನಲ್ ಆಗುವ ಲೆಕ್ಕದಲ್ಲಿದ್ದಳು. ಅಪಘಾತದ ನಂತರ ಆಕೆ ಕಾಂಕ್ರೀಟ್ ಕಂಪನಿಯ ಮೇಲೆ ದಾವೆ ಹೂಡಿದಳು. ಅಲ್ಲಿಯವರೆಗೆ ಆಟದಿಂದ ಒಂದು ಡಾಲರ್ ಸಂಬಳವನ್ನೂ ಪಡೆಯದವಳಿಗೆ "ಮುಂದೆ ಬರಬಹುದಾಗಿದ್ದ ಗಳಿಕೆ"ಯ ನಷ್ಟ ಕಟ್ಟಿಕೊಡಬೇಕೇ ಎನ್ನುವುದು ಪ್ರಶ್ನೆಯಾಗಿತ್ತು. 1957ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 95,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಆಟ ಬಿಡುವ ಮನಸ್ಸಿದ್ದವರು ಇಂಥ ದಾವೆ ಗೆಲ್ಲುವುದು ಕಷ್ಟ.

ಇನ್ನು ಕೈಯ ವಿಷಯ. ನಿಮ್ಮ ಪ್ರಶ್ನೆಯ ತಿರುಳು ಇದೇ.

ಮೌರೀನ್ ಹುಟ್ಟಿದ್ದು 1934ರ ಸೆಪ್ಟೆಂಬರ್ 17ರಂದು. ಅಪ್ಪ ಅಮ್ಮ ಬೇರೆಯಾಗಿದ್ದರು, ಅಮ್ಮನ ಆಸರೆಯಲ್ಲಿ ಬೆಳೆದಳು. ಅವಳಿಗೆ ಬೇಕಿದ್ದದ್ದು ಕುದುರೆ, ಮನೆಯಲ್ಲಿ ಅದಕ್ಕೆ ಹಣವಿರಲಿಲ್ಲ. ಹತ್ತನೇ ವಯಸ್ಸಿಗೆ ಮನೆ ಹತ್ತಿರದ ಸಾರ್ವಜನಿಕ ಕೋರ್ಟಿನಲ್ಲಿ ವಿಲ್ಬರ್ ಫೋಲ್ಸಮ್ ಎಂಬ ಕೋಚ್ ಬಳಿ ರಾಕೆಟ್ ಹಿಡಿದಳು. ಎಡಗೈಯಿಂದ ಬಲಗೈಗೆ ತಿರುಗಿಸಿದ್ದು ಇವರೇ. ಕಾರಣ ಆ ಕಾಲದ ನಂಬಿಕೆ: ಎಡಗೈಯವರು ದೊಡ್ಡ ಚಾಂಪಿಯನ್ ಆಗುವುದಿಲ್ಲ. ಆಗಿನ ಪಟ್ಟಿ ನೋಡಿದರೆ ಹಾಗೇ ಅನ್ನಿಸುವಂತಿತ್ತು, ಮಹಿಳಾ ವಿಂಬಲ್ಡನ್ ಗೆದ್ದ ಎಡಗೈಯವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಮೊದಲನೆಯವರು ಆನ್ ಜೋನ್ಸ್, ಗೆದ್ದದ್ದು 1969ರಲ್ಲಿ. ಆದರೆ ಎಡಗೈ ಮಕ್ಕಳನ್ನೆಲ್ಲ ಹತ್ತು ವರ್ಷಕ್ಕೇ ಬಲಗೈಗೆ ತಿರುಗಿಸುತ್ತಾ ಹೋದರೆ ಪಟ್ಟಿಯಲ್ಲಿ ಎಡಗೈಯವರು ಎಲ್ಲಿಂದ ಬರಬೇಕು? ನಂಬಿಕೆ ತನ್ನ ಪುರಾವೆಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಮುಂದೆ ರಾಡ್ ಲೇವರ್ ಎಡಗೈಯಲ್ಲೇ 1962 ಮತ್ತು 1969ರಲ್ಲಿ ಎರಡು ಸಲ ನಾಲ್ಕೂ ಪ್ರಶಸ್ತಿ ಗೆದ್ದರು. ಮಾರ್ಟಿನಾ ನವ್ರಾಟಿಲೋವಾ, ಮೋನಿಕಾ ಸೆಲೆಸ್ ಬಂದ ಮೇಲೆ ಈ ಮಾತನ್ನು ಗಟ್ಟಿಯಾಗಿ ಹೇಳುವವರು ಇರಬಾರದಿತ್ತು.

ಕೋಚ್ ಪರವಾಗಿಯೂ ಒಂದು ಮಾತು ಹೇಳಬೇಕು. ಒಂದೇ ವರ್ಷದಲ್ಲಿ ನಾಲ್ಕೂ ಸಿಂಗಲ್ಸ್ ಗೆದ್ದ ಮಹಿಳೆಯರು ಮೂವರೇ: ಮೌರೀನ್, 1970ರಲ್ಲಿ ಮಾರ್ಗರೆಟ್ ಕೋರ್ಟ್, 1988ರಲ್ಲಿ ಸ್ಟೆಫಿ ಗ್ರಾಫ್. ಇವರಲ್ಲಿ ಕೋರ್ಟ್ ಕೂಡ ಹುಟ್ಟು ಎಡಚಿ, ಆಡಿದ್ದು ಬಲಗೈಯಲ್ಲಿ. ಗಂಡಸರಲ್ಲಿ ಕೆನ್ ರೋಸ್‌ವಾಲ್ ಹಾಗೆಯೇ. ಹಾಗಾಗಿ ಕೈ ಬದಲಿಸಿದರೆ ಆಟ ಹಾಳಾಗಿಯೇ ತೀರುತ್ತದೆ ಎಂದು ನಾನು ಹೇಳಲಾರೆ. ಬದಲಿಸಿಯೂ ಗೆದ್ದವರಿದ್ದಾರೆ. ಬದಲಿಸಿದ್ದರಿಂದ ಗೆದ್ದರು ಎನ್ನುವುದು ಬೇರೆ ಮಾತು. ಬದಲಿಸಿದ ನಂತರ ಸೋತು ಆಟ ಬಿಟ್ಟ ಮಕ್ಕಳ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ.

ಬದಲಿಸಿದ್ದರಿಂದಲೇ ಗೆದ್ದಳು ಎನ್ನುವವರು ಮುಂದಿಡುವ ಬ್ಯಾಕ್‌ಹ್ಯಾಂಡ್ ವಾದವನ್ನು ನೋಡೋಣ. ಬ್ಯಾಕ್‌ಹ್ಯಾಂಡ್ ಎಂದರೆ ರಾಕೆಟ್ ಹಿಡಿದ ಕೈಯ ಎದುರು ಬದಿಗೆ ಬಂದ ಚೆಂಡನ್ನು ಹೊಡೆಯುವುದು. ಮೌರೀನ್ ಬ್ಯಾಕ್‌ಹ್ಯಾಂಡ್ ಅದ್ಭುತವಾಗಿತ್ತು, ಒಪ್ಪೋಣ. "ಹುಟ್ಟು ಎಡಗೈ ಆದ್ದರಿಂದ ಎಡಬದಿಯ ಹೊಡೆತಕ್ಕೆ ಬಲ" ಎನ್ನುವ ವಿವರಣೆ ಎರಡು ಕೈಯ ಬ್ಯಾಕ್‌ಹ್ಯಾಂಡ್‌ಗೆ ಸರಿಹೋಗುತ್ತದೆ. ಅಲ್ಲಿ ಬಲಗೈ ಆಟಗಾರರಿಗೆ ಹಿಡಿಯ ಮೇಲ್ಭಾಗದಲ್ಲಿರುವ ಎಡಗೈಯೇ ಹೊಡೆತ ನಡೆಸುತ್ತದೆ. ಮೌರೀನ್ ಹೊಡೆಯುತ್ತಿದ್ದದ್ದು ಒಂದೇ ಕೈಯ ಬ್ಯಾಕ್‌ಹ್ಯಾಂಡ್, ಮರದ ರಾಕೆಟ್‌ನಲ್ಲಿ, ಬಲಗೈಯಿಂದ. ಎಡಗೈ ರಾಕೆಟ್‌ನ ಕತ್ತನ್ನು ಹಿಡಿದು ಹಿಂದಕ್ಕೆ ಎಳೆದು ಭುಜ ತಿರುಗಿಸುವವರೆಗೆ ಮಾತ್ರ ಜೊತೆಗಿರುತ್ತಿತ್ತು. ಆ ಬ್ಯಾಕ್‌ಹ್ಯಾಂಡ್ ಬಂದದ್ದು ಕೋರ್ಟಿನ ಹಿಂದಿನ ಗೆರೆಯಾದ ಬೇಸ್‌ಲೈನ್ ಮೇಲೆ ಗಂಟೆಗಟ್ಟಲೆ ಅದನ್ನೇ ಹೊಡೆದದ್ದರಿಂದ, ಚೆಂಡು ಬರುವ ಮೊದಲೇ ಕಾಲು ಅಲ್ಲಿಗೆ ಹೋಗಿ ನಿಂತಿರುತ್ತಿದ್ದದ್ದರಿಂದ. ಐದಡಿ ನಾಲ್ಕೈದು ಅಂಗುಲದ ಹುಡುಗಿ ಅವಳು. ಎತ್ತರದ ಲಾಭವಿಲ್ಲದೆ ಅಷ್ಟು ಆಳವಾಗಿ, ಅಷ್ಟು ಚಪ್ಪಟೆಯಾಗಿ ಹೊಡೆಯುವುದನ್ನು ನೋಡಿದ ಸ್ಯಾನ್ ಡಿಯಾಗೋ ಪತ್ರಕರ್ತ ನೆಲ್ಸನ್ ಫಿಶರ್ "ಲಿಟಲ್ ಮೋ" ಎಂದು ಕರೆದರು. ಮಿಸೌರಿ ಎಂಬ ಯುದ್ಧನೌಕೆಗೆ "ಬಿಗ್ ಮೋ" ಎನ್ನುತ್ತಿದ್ದರು, ಹೊಡೆತದ ಹೋಲಿಕೆ ಅದರ ಫಿರಂಗಿಗಳಿಗೆ.

ಕೈ ಬದಲಿಕೆಯ ಬೆಲೆ ಎಲ್ಲಿ ಬಿತ್ತು ಎನ್ನುವುದನ್ನು ಕೋಚ್ ಹೇಳಿರಲಾರರು. ಮೌರೀನ್ ಆಟದ ದುರ್ಬಲ ಭಾಗ ಸರ್ವ್, ಅಂದರೆ ಪ್ರತಿ ಪಾಯಿಂಟ್ ಶುರು ಮಾಡುವ ಹೊಡೆತ. ರೋಸ್‌ವಾಲ್ ಆಟದ ದುರ್ಬಲ ಭಾಗವೂ ಸರ್ವ್. ಇಬ್ಬರದ್ದೂ ಬ್ಯಾಕ್‌ಹ್ಯಾಂಡ್ ಅಪ್ರತಿಮ, ಸರ್ವ್ ಸಾಧಾರಣ. ಸರ್ವ್ ಎಂದರೆ ಮೂಲದಲ್ಲಿ ತಲೆಯ ಮೇಲಿನಿಂದ ಎಸೆಯುವ ಚಲನೆ: ಮೊಣಕೈ ಮುಂದೆ ಬರುವುದು, ಮುಂಗೈ ಹಿಂದುಳಿದು ಚಾಟಿಯಂತೆ ಬೀಸುವುದು, ಇವು ಮಗು ಕಲ್ಲು, ಚೆಂಡು ಎಸೆಯುತ್ತಾ ನಾಲ್ಕೈದು ವರ್ಷದಿಂದ ಕಲಿತದ್ದು. ಎಸೆಯುವ ಕೈ ಎಡ, ಸರ್ವ್ ಮಾಡುವ ಕೈ ಬಲ ಎಂದಾದರೆ ಆ ಕಲಿಕೆಯೆಲ್ಲ ಬಳಕೆಗೆ ಬಾರದೆ ಉಳಿಯುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾಗದು, ಮಾರ್ಗರೆಟ್ ಕೋರ್ಟ್ ಸರ್ವ್ ಗಟ್ಟಿಯಾಗಿಯೇ ಇತ್ತು. ಆದರೂ ಕೈ ಬದಲಿಸಿದ ಮಕ್ಕಳಲ್ಲಿ ಮೊದಲು ತೊಡಕು ಕಾಣುವುದು ಇಲ್ಲಿಯೇ: ಚೆಂಡನ್ನು ಬೀಸುವ ಬದಲು ತಳ್ಳುತ್ತಾರೆ, ಮೊಣಕೈ ಕೆಳಗೇ ಉಳಿಯುತ್ತದೆ, ಭುಜದ ಮುಂಭಾಗ ನೋಯುತ್ತದೆ.

ಬಲಗೈಗೆ ತಿರುಗಿಸಿದರೆ ಕಳೆದುಹೋಗುವ ಲಾಭವೂ ಒಂದಿದೆ, ಅದು ಅಂಕದ ಲೆಕ್ಕದಲ್ಲಿ ಅಡಗಿದೆ. 40-0, 40-30, 30-40, ಅಡ್ವಾಂಟೇಜ್ (40-40 ಆದ ಮೇಲೆ ಒಬ್ಬರಿಗೆ ಸಿಗುವ ಒಂದು ಪಾಯಿಂಟ್ ಮುನ್ನಡೆ), ಇಷ್ಟೂ ಪಾಯಿಂಟ್‌ಗಳನ್ನು ಸರ್ವ್ ಮಾಡುವುದು ಕೋರ್ಟಿನ ಎಡಬದಿಯಿಂದ. ಗೇಮ್ ತೀರ್ಮಾನವಾಗುವ ಪಾಯಿಂಟ್‌ಗಳಲ್ಲಿ 40-15, 15-40 ಮಾತ್ರ ಬಲಬದಿಯವು. ಎಡಬದಿಯಿಂದ ಎಡಗೈಯವರು ಚೆಂಡನ್ನು ಪಕ್ಕಕ್ಕೆ ಬಾಗಿಸುವ ಸ್ಲೈಸ್ ಸರ್ವ್ ಹಾಕಿದರೆ ಚೆಂಡು ಬಲಗೈ ಎದುರಾಳಿಯ ಬ್ಯಾಕ್‌ಹ್ಯಾಂಡ್‌ನಿಂದ ಆಚೆಗೆ, ಕೋರ್ಟಿನ ಹೊರಕ್ಕೆ ಎಳೆಯುತ್ತದೆ. ಗೇಮಿನ ಕೊನೆಯ ಪಾಯಿಂಟ್‌ಗೇ ತನ್ನ ಅತ್ಯುತ್ತಮ ಸರ್ವ್ ಒದಗುವುದು ಎಡಗೈಯವರಿಗೆ ನಿಯಮಗಳೇ ಕೊಟ್ಟ ಉಡುಗೊರೆ. ನಿಮ್ಮ ಮಗಳು ಹುಟ್ಟಿನಿಂದ ತಂದದ್ದನ್ನು ಒಂಬತ್ತೂವರೆ ವರ್ಷಕ್ಕೆ ಯಾಕೆ ಕೊಟ್ಟುಬಿಡಬೇಕು?

ದ್ವೇಷದ ಪಾಠದ ಬಗ್ಗೆ. ಇದನ್ನು ಕಲಿಸಿದ್ದು ಫೋಲ್ಸಮ್ ಅಲ್ಲ, ನಂತರ ಬಂದ ಎಲಿನಾರ್ ಟೆನಂಟ್. ಎಲ್ಲರೂ ಕರೆಯುತ್ತಿದ್ದದ್ದು "ಟೀಚ್" ಎಂದು. ಆಲಿಸ್ ಮಾರ್ಬಲ್‌ರಂಥ ಚಾಂಪಿಯನ್‌ಳನ್ನು ತಯಾರು ಮಾಡಿದವರು. ಅವರ ಕೌಶಲದ ಬಗ್ಗೆ ಎರಡು ಮಾತಿಲ್ಲ, ರೀತಿಯ ಬಗ್ಗೆ ಇದೆ. 1951ರ ಅಮೆರಿಕನ್ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಮೌರೀನ್‌ಗೆ ಎದುರಾದವರು ಡೋರಿಸ್ ಹಾರ್ಟ್. ಬಾಲ್ಯದಲ್ಲಿ ಕಾಲಿಗೆ ತಗುಲಿದ ಸೋಂಕಿನಿಂದ ಸ್ವಲ್ಪ ಕುಂಟುತ್ತಾ ನಡೆದರೂ ಆ ವರ್ಷ ವಿಂಬಲ್ಡನ್ ಗೆದ್ದಿದ್ದವರು, ಮೌರೀನ್ ಮೆಚ್ಚುತ್ತಿದ್ದ ಆಟಗಾರ್ತಿ. ಪಂದ್ಯಕ್ಕೆ ಮುಂಚೆ ಟೆನಂಟ್ "ಡೋರಿಸ್ ನಿನ್ನನ್ನು ಮುದ್ದಿನಿಂದ ಕೆಟ್ಟ ಹುಡುಗಿ ಎಂದಳು" ಎಂದು ಹೇಳಿದರು. ಹಾರ್ಟ್ ಅಂಥ ಮಾತು ಆಡಿರಲೇ ಇಲ್ಲ. ಹುಡುಗಿ ಕೆರಳಿ 6-4, 6-4ರಿಂದ ಗೆದ್ದಳು. ಫೈನಲ್‌ನಲ್ಲಿ ಶೆರ್ಲಿ ಫ್ರೈ ಎದುರು 6-3, 1-6, 6-4. ಹದಿನೇಳು ತುಂಬಲು ಇನ್ನೂ ಕೆಲವು ದಿನ ಬಾಕಿಯಿತ್ತು. ಅಷ್ಟು ಎಳೆಯ ಅಮೆರಿಕನ್ ಚಾಂಪಿಯನ್ ಮತ್ತೆ ಬಂದದ್ದು 1979ರಲ್ಲಿ, ಟ್ರೇಸಿ ಆಸ್ಟಿನ್.

ಕೋಚ್‌ಗಳು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ವರ್ಷ, 1952ರ ಬೇಸಿಗೆಯಲ್ಲಿ, ಮೌರೀನ್ ಮತ್ತು ಟೆನಂಟ್ ಬೇರೆಯಾದರು. ಬೇರೆಯಾಗಲು ಕಾರಣ ನೀವು ಕೇಳಿರುವ ಭುಜದ ನೋವೇ. ವಿಂಬಲ್ಡನ್ ಹೊತ್ತಿಗೆ ಬಲಭುಜ ನೋಯತೊಡಗಿತು. ಆಡಬೇಡ, ಹಿಂದೆ ಸರಿ ಎಂದವರು ಟೆನಂಟ್. ಮೌರೀನ್ ವೈದ್ಯರಿಗೆ ತೋರಿಸಿದಳು, ಅವರು ಇದು ಸ್ನಾಯು ಹರಿದದ್ದಲ್ಲ, ಆಡಬಹುದು ಎಂದರು. ಆಮೇಲೆ 17 ವರ್ಷದ ಹುಡುಗಿ ತಾನೇ ಪತ್ರಕರ್ತರನ್ನು ಕರೆದು ಟೆನಂಟ್ ಇನ್ನು ತನ್ನ ಪರವಾಗಿ ಮಾತಾಡುವುದಿಲ್ಲ ಎಂದಳು. ಫೈನಲ್‌ನಲ್ಲಿ ಲೂಯಿಸ್ ಬ್ರಫ್ ಎದುರು 7-5, 6-3ರಿಂದ ಗೆದ್ದಳು. ಹಾಗಾಗಿ ಇದು ನೋವು ನುಂಗಿ ಆಡಿದ ಕಥೆಯಲ್ಲ, ಏನಾಗಿದೆ ಎಂದು ವೈದ್ಯರಿಂದ ತಿಳಿದುಕೊಂಡು ಆಡಿದ ಕಥೆ. ಮಕ್ಕಳಿಗೆ ಹೇಳುವಾಗ ಈ ವೈದ್ಯರ ಭಾಗವೇ ಬಿಟ್ಟುಹೋಗುತ್ತದೆ.

ಗ್ರ್ಯಾಂಡ್ ಸ್ಲಾಮ್ ಬಂದದ್ದು ಇದಾದ ಮೇಲೆ. 1953ರ ಪ್ರವಾಸದಲ್ಲಿ ಜೊತೆಗಿದ್ದವರು ಆಸ್ಟ್ರೇಲಿಯಾದ ಹ್ಯಾರಿ ಹಾಪ್‌ಮನ್ ಮತ್ತು ಅವರ ಪತ್ನಿ ನೆಲ್. ಎದುರಾಳಿಯನ್ನು ದ್ವೇಷಿಸು ಎನ್ನುವ ಪಾಠ ಅಲ್ಲಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಜೂಲಿಯಾ ಸ್ಯಾಂಪ್ಸನ್ ಎದುರು 6-3, 6-2. ಪ್ಯಾರಿಸ್‌ನಲ್ಲಿ ಹಾರ್ಟ್ ಎದುರು 6-2, 6-4. ವಿಂಬಲ್ಡನ್‌ನಲ್ಲಿ ಮತ್ತೆ ಹಾರ್ಟ್ ಎದುರು 8-6, 7-5. ಫೋರೆಸ್ಟ್ ಹಿಲ್ಸ್‌ನಲ್ಲಿ ಮತ್ತೂ ಹಾರ್ಟ್ ಎದುರು 6-2, 6-4. ನಾಲ್ಕೂ ಟೂರ್ನಿಗಳಲ್ಲಿ ಸೇರಿ ಸೋತದ್ದು ಒಂದೇ ಸೆಟ್, ಪ್ಯಾರಿಸ್‌ನಲ್ಲಿ ಸೂಸನ್ ಪಾರ್ಟ್ರಿಜ್ ಷಾತ್ರಿಯೇ ಎದುರು. ಅದಕ್ಕೆ ಮೊದಲು ನಾಲ್ಕನ್ನೂ ಒಂದೇ ವರ್ಷ ಗೆದ್ದವರು 1938ರಲ್ಲಿ ಡಾನ್ ಬಡ್ಜ್ ಒಬ್ಬರೇ. ದ್ವೇಷದಿಂದಲೇ ಗೆಲುವು ಬರುವುದಾಗಿದ್ದರೆ ಅದನ್ನು ಬಿಟ್ಟ ಮೇಲೆ ಆಟ ಇಳಿಯಬೇಕಿತ್ತು. ಏರಿತು. ಒಟ್ಟು ಒಂಬತ್ತು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳಲ್ಲಿ ಎಂಟು ಬಂದದ್ದು ಆ ಸುಳ್ಳಿನ ಪಂದ್ಯದ ಮುಂದಿನ ವರ್ಷದಿಂದ, ಮೊದಲ ವಿಂಬಲ್ಡನ್‌ನಿಂದ ಆಚೆ. 1951ರ ಅಮೆರಿಕನ್ ಚಾಂಪಿಯನ್‌ಷಿಪ್‌ನಿಂದ ಕೊನೆಯವರೆಗೆ ಆಡಿದ ಒಂಬತ್ತು ದೊಡ್ಡ ಟೂರ್ನಿಗಳಲ್ಲಿ ಒಂದೂ ಪಂದ್ಯ ಸೋಲಲಿಲ್ಲ.

ದಾಖಲೆಯನ್ನು ಅದರ ಕಾಲದಲ್ಲೇ ಇಟ್ಟು ನೋಡುವುದೂ ಒಳ್ಳೆಯದು. ಆಗ ನಾಲ್ಕರಲ್ಲಿ ಮೂರು ಟೂರ್ನಿ ಹುಲ್ಲಿನ ಮೇಲೆ, ಪ್ಯಾರಿಸ್ ಮಾತ್ರ ಮಣ್ಣು. ಆಸ್ಟ್ರೇಲಿಯಾಕ್ಕೆ ದೂರದ ಪ್ರಯಾಣ ಮಾಡಿ ಹೋಗುವವರು ಕಡಿಮೆ, 1953ರಲ್ಲಿ ಹಾರ್ಟ್, ಫ್ರೈ, ಬ್ರಫ್ ಯಾರೂ ಅಲ್ಲಿರಲಿಲ್ಲ. ಡಬಲ್ಸ್‌ನಲ್ಲಿ ಮೌರೀನ್ ಅಂಥ ಬಲಶಾಲಿಯೂ ಅಲ್ಲ. ನೆಟ್ ಬಳಿ ನಿಂತು ವಾಲಿ ಆಡುವುದು, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು, ಅವಳಿಗೆ ಒಗ್ಗಿದ ಕೆಲಸವಲ್ಲ. ಅದೇ 1953ರ ವಿಂಬಲ್ಡನ್ ಡಬಲ್ಸ್ ಫೈನಲ್‌ನಲ್ಲಿ ಹಾರ್ಟ್ ಮತ್ತು ಫ್ರೈ ಜೋಡಿ ಮೌರೀನ್ ಮತ್ತು ಸ್ಯಾಂಪ್ಸನ್ ಜೋಡಿಯನ್ನು 6-0, 6-0ರಿಂದ ಸೋಲಿಸಿತು. ಸಿಂಗಲ್ಸ್‌ನ ಸೋಲರಿಯದ ರಾಣಿಗೆ ಒಂದು ಗೇಮೂ ಸಿಗಲಿಲ್ಲ. ನಿಮ್ಮ ಮಗಳು ಮುಂದೊಂದು ದಿನ ಹೀಗೆ ಸೋತು ಅಳುತ್ತಾ ಮನೆಗೆ ಬಂದರೆ ಹೇಳಲು ಇದು ಒಳ್ಳೆಯ ಸ್ಕೋರು.

ಈಗ ನಿಮ್ಮ ಮುಂದಿರುವ ದಾರಿಗಳು. ತೀರ್ಮಾನಕ್ಕೆ ಮೊದಲು ಮಗಳು ನಿಜಕ್ಕೂ ಎಷ್ಟು ಎಡಗೈಯವಳು ಎಂದು ನೋಡಿ. ಕೆಲವು ಮಕ್ಕಳು ಬರೆಯುವುದು ಒಂದು ಕೈ, ಎಸೆಯುವುದು ಇನ್ನೊಂದು ಕೈ. ಟೆನಿಸ್‌ಗೆ ಬರೆಯುವ ಕೈ ಮುಖ್ಯವಲ್ಲ, ಎಸೆಯುವ ಕೈ ಮುಖ್ಯ. ರಾಫೆಲ್ ನಡಾಲ್ ಬರೆಯುವುದು ಬಲಗೈಯಲ್ಲಿ, ಆಡಿದ್ದು ಎಡಗೈಯಲ್ಲಿ. ಬಯಲಿನಲ್ಲಿ ನಿಲ್ಲಿಸಿ ಟೆನಿಸ್ ಚೆಂಡನ್ನು ಪ್ರತಿ ಕೈಯಲ್ಲಿ ಹತ್ತು ಸಲ ತಲೆಯ ಮೇಲಿನಿಂದ ಎಸೆಯಲು ಹೇಳಿ. ದೂರ ಅಳೆಯಿರಿ, ಅದಕ್ಕಿಂತ ಮುಖ್ಯವಾಗಿ ಕಾಲು ನೋಡಿ. ಎಡಗೈಯಲ್ಲಿ ಎಸೆಯುವಾಗ ಬಲಗಾಲು ತಾನಾಗಿ ಮುಂದೆ ಬಂದು ಸೊಂಟ ತಿರುಗಿದರೆ, ಬಲಗೈಯಲ್ಲಿ ಎಸೆಯುವಾಗ ಅದೇ ಕೈಯ ಕಡೆಯ ಕಾಲು ಮುಂದೆ ಬಂದು ಮೈ ಮರದಂತೆ ಬಿಗಿದರೆ, ಉತ್ತರ ಸಿಕ್ಕಿತು. ನಿಮ್ಮ ವಿವರಣೆ ಓದಿದರೆ ಹಾಗೇ ಆಗುತ್ತದೆ ಅನ್ನಿಸುತ್ತದೆ. ಊಟದ ಬಲಗೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅಜ್ಜಿಯ ಶಾಸ್ತ್ರ ಊಟದ ಎಲೆಯ ಮುಂದೆ ಇರಲಿ, ರಾಕೆಟ್‌ಗೆ ಬೇಡ.

ಹಾಗಿದ್ದರೆ ಎಡಗೈಯಲ್ಲೇ ಮುಂದುವರಿಸಿ. ಇದರಲ್ಲಿ ತೊಂದರೆಯೇ ಇಲ್ಲ ಎಂದಲ್ಲ, ತೊಂದರೆ ಇರುವುದು ಹೆಚ್ಚಾಗಿ ಕೋಚ್‌ಗೆ. ಹದಿನೈದು ಬಲಗೈ ಮಕ್ಕಳ ನಡುವೆ ಒಬ್ಬಳು ಎಡಚಿ ಇದ್ದರೆ ಡ್ರಿಲ್ ತಿರುವುಮುರುವಾಗುತ್ತದೆ. ಎಷ್ಟೋ ಕಡೆ ಕೈ ಬದಲಿಸುವ ಸಲಹೆಯ ಹಿಂದೆ ಇರುವುದು ಈ ಅನುಕೂಲವೇ ಹೊರತು ಸಿದ್ಧಾಂತವಲ್ಲ. ಪರಿಹಾರ ಸುಲಭ: ಬಲಗೈ ಕೋಚ್ ಅವಳ ಪಕ್ಕದಲ್ಲಿ ನಿಲ್ಲದೆ ಎದುರು ನಿಂತು ತೋರಿಸಲಿ, ಕನ್ನಡಿಯಲ್ಲಿ ಕಂಡಂತೆ ಅವಳು ಅನುಕರಿಸುತ್ತಾಳೆ. ಗ್ರಿಪ್ ಹೇಳಿಕೊಡುವಾಗ ಆಗುವ ತಪ್ಪೊಂದಿದೆ. ರಾಕೆಟ್ ಹಿಡಿಯ ಎಂಟು ಮುಖಗಳಲ್ಲಿ ಬಲಗೈಯವರು ಸರ್ವ್‌ಗೆ ಬಳಸುವ ಕಾಂಟಿನೆಂಟಲ್ ಗ್ರಿಪ್ 2ನೆಯದು, ಎಡಗೈಯವರದ್ದು 8ನೆಯದು. ಈಸ್ಟರ್ನ್ ಫೋರ್‌ಹ್ಯಾಂಡ್ ಬಲಗೈಗೆ 3, ಎಡಗೈಗೆ 7. ಎಲ್ಲರಿಗೂ "ಎರಡನೆಯದರ ಮೇಲೆ ಹಿಡಿ" ಎಂದರೆ ಎಡಚಿಯ ಮಣಿಕಟ್ಟು ತಿರುಚಿಕೊಳ್ಳುತ್ತದೆ, ಆಮೇಲೆ "ಈ ಕೈಯಲ್ಲಿ ಬರುವುದಿಲ್ಲ" ಎಂಬ ತೀರ್ಪು ಬರುತ್ತದೆ. ಹಿಡಿಗೆ ಸುತ್ತುವ ಟೇಪನ್ನೂ ಎಡಗೈಗೆ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು, ಇಲ್ಲದಿದ್ದರೆ ಆಡುತ್ತಾ ಅಂಚು ಏಳುತ್ತದೆ.

ಕೋಚ್‌ಗೆ ಬಲಗೈಯ ಮೇಲೆ ಅಷ್ಟು ಪ್ರೀತಿಯಿದ್ದರೆ ಅದನ್ನು ಎರಡು ಕೈಯ ಬ್ಯಾಕ್‌ಹ್ಯಾಂಡ್‌ನಲ್ಲಿ ಬಳಸಲಿ. ಎಡಗೈ ಆಟಗಾರ್ತಿಗೆ ಆ ಹೊಡೆತದಲ್ಲಿ ಮೇಲಿರುವ ಕೈ ಬಲಗೈ, ಕೆಲಸ ಮಾಡಬೇಕಾದದ್ದೂ ಅದೇ. ನೆಟ್‌ಗೂ ಬೇಸ್‌ಲೈನ್‌ಗೂ ನಡುವಿನ ಗೆರೆಯಾದ ಸರ್ವಿಸ್ ಲೈನ್ ಬಳಿ ನಿಂತು, ಬಲಗೈ ಒಂದರಲ್ಲೇ ರಾಕೆಟ್ಟನ್ನು ಹಿಡಿಯ ಮೇಲ್ಭಾಗದಲ್ಲಿ ಹಿಡಿದು, ನಿಧಾನವಾಗಿ ಎಸೆದ ಚೆಂಡುಗಳನ್ನು ಫೋರ್‌ಹ್ಯಾಂಡ್‌ನಂತೆ ಹೊಡೆಯಬೇಕು. ದಿನಕ್ಕೆ ಇಪ್ಪತ್ತು ಸಾಕು. ಊಟಕ್ಕೆ ಬಲಗೈ ಬಳಸುವ ಮಗುವಿಗೆ ಇದು ಬೇಗ ಒಲಿಯುತ್ತದೆ. ಅಜ್ಜಿಗೂ ಸ್ವಲ್ಪ ಸಮಾಧಾನ.

ಪೂರ್ತಿ ಬದಲಿಸುವ ದಾರಿ ಯಾವಾಗ ಪರಿಗಣನೆಗೆ ಯೋಗ್ಯ? ಎಸೆತದ ಪರೀಕ್ಷೆಯಲ್ಲಿ ಎರಡೂ ಕೈ ಹೆಚ್ಚುಕಡಿಮೆ ಸಮ ಇದ್ದು, ಮಗುವೇ ಬಲಗೈಯಲ್ಲಿ ಆಡಲು ಇಷ್ಟಪಟ್ಟರೆ ಮಾತ್ರ. ಆಗಲೂ ಮೂರು ತಿಂಗಳ ಅವಧಿ ಇಟ್ಟುಕೊಂಡು, ಸರ್ವ್‌ನಲ್ಲಿ ಮೊಣಕೈ ಮೇಲೇಳುತ್ತಿದೆಯೇ ಎಂದು ನೋಡಿ ನಿರ್ಧರಿಸಬೇಕು. ನಿಮ್ಮ ಮಗಳಂತೆ ಸ್ಪಷ್ಟವಾಗಿ ಎಡಗೈಯವಳಾದ ಮಗುವನ್ನು ಬದಲಿಸಿದರೆ ಎಂಟು ತಿಂಗಳ ಕಲಿಕೆ ಹೋಗುತ್ತದೆ. ತನಗಿಂತ ಆಮೇಲೆ ಸೇರಿದವರು ಮುಂದೆ ಹೋಗುವುದನ್ನು ನೋಡುತ್ತಾ ಆಟದ ಮೇಲಿನ ಆಸೆಯೂ ಹೋಗುವ ಅಪಾಯವಿದೆ. ಈ ಎರಡನೆಯದು ದೊಡ್ಡ ನಷ್ಟ.

ಭುಜದ ಬಗ್ಗೆ. ಈ ವಯಸ್ಸಿನಲ್ಲಿ ಮೂಳೆಯ ತುದಿಯಲ್ಲಿ ಬೆಳವಣಿಗೆ ನಡೆಯುವ ಮೆದು ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ, ತಲೆಯ ಮೇಲಿನ ಹೊಡೆತ ಅತಿಯಾದರೆ ಮೊದಲು ಪೆಟ್ಟು ಬೀಳುವುದು ಅದಕ್ಕೆ. ಒಂಬತ್ತೂವರೆಗೆ ಕಿತ್ತಳೆ ಚೆಂಡು ಸರಿ, ಅದು ಹಳದಿ ಚೆಂಡಿಗಿಂತ ಅರ್ಧದಷ್ಟು ನಿಧಾನ. ಹತ್ತು ದಾಟಿದ ಮೇಲೆ ಕಾಲುಭಾಗ ನಿಧಾನವಾದ ಹಸಿರು ಚೆಂಡು. ರಾಕೆಟ್ 25 ಇಂಚು ಮೀರದಿರಲಿ. "ಬೆಳೆಯುವ ಮಗು, ದೊಡ್ಡದೇ ಇರಲಿ" ಎಂದು 27 ಇಂಚಿನದ್ದು ಕೊಡಿಸುವುದು ಹಣ ಉಳಿಸುತ್ತದೆ, ಭುಜ ಉಳಿಸುವುದಿಲ್ಲ. ವಾರದ ಅಭ್ಯಾಸದ ಗಂಟೆಗಳು ವಯಸ್ಸಿನ ವರ್ಷಗಳನ್ನು ಮೀರಬಾರದು ಎನ್ನುವುದು ಮಕ್ಕಳ ಕ್ರೀಡೆಯಲ್ಲಿ ಒಪ್ಪಿತವಾದ ಅಳತೆ. ಸರ್ವ್ ಮಾಡುವಾಗ ಶುರುವಾಗುವ ನೋವು ಎರಡು ಮೂರು ದಿನ ವಿಶ್ರಾಂತಿ ಕೊಟ್ಟರೂ ಮರಳಿದರೆ, ರಾತ್ರಿ ನೋವಿನಿಂದ ಎಚ್ಚರವಾದರೆ, ಕೈ ಎತ್ತಿ ಜಡೆ ಹಾಕಿಕೊಳ್ಳಲು ಕಷ್ಟವಾದರೆ, ಸರ್ವ್ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಆಡಬಹುದೇ ಎನ್ನುವುದನ್ನು ಅವರು ಹೇಳಲಿ, ಕೋಚ್ ಅಲ್ಲ, ನೀವೂ ಅಲ್ಲ.

ದ್ವೇಷದ ಪಾಠವನ್ನು ಕೋಚ್ ಬಳಿ ನೇರವಾಗಿಯೇ ಬೇಡ ಎನ್ನಿ. ಪಂದ್ಯಕ್ಕೆ ಮುಂಚೆ ಮಗುವಿನ ತಲೆಯಲ್ಲಿ ಒಂದೇ ಕೆಲಸ ಇದ್ದರೆ ಸಾಕು. ಉದಾಹರಣೆಗೆ, "ಚೆಂಡನ್ನು ಸರ್ವಿಸ್ ಲೈನ್ ಆಚೆ ಬೀಳಿಸು." ಮೌರೀನ್ ಗೆಲ್ಲುತ್ತಿದ್ದದ್ದೂ ಹೆಚ್ಚುಕಡಿಮೆ ಇಷ್ಟರಿಂದಲೇ. 1953ರ ವಿಂಬಲ್ಡನ್ ಫೈನಲ್‌ನ ಹಳೆಯ ಸುದ್ದಿಚಿತ್ರದ ತುಣುಕು ಸಿಕ್ಕರೆ ಮಗಳಿಗೆ ತೋರಿಸಿ. ಕೈ ನೋಡಬೇಡ, ಕಾಲು ನೋಡು ಎನ್ನಿ.

ಕೋಚ್ ಒಪ್ಪದಿದ್ದರೆ ಜಗಳ ಬೇಡ, ಮೂರು ವಾರ ಕೇಳಿಕೊಳ್ಳಿ. ಆ ಮೂರು ವಾರ ಎಡಗೈಯಲ್ಲೇ, ಸರಿಯಾದ ಗ್ರಿಪ್‌ನಲ್ಲಿ, ಎದುರು ನಿಂತು ಹೇಳಿಕೊಡಲಿ. ವಾರಕ್ಕೊಮ್ಮೆ ಹತ್ತು ಸರ್ವ್ ಹಾಕಿಸಿ ಎಷ್ಟು ಒಳಗೆ ಬಿದ್ದವು ಎಂದು ಬರೆದಿಡಿ, ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ. ಎಸೆತದ ಅಳತೆ ಮತ್ತು ಆ ಮೂರು ಚೀಟಿಗಳನ್ನು ಅವರ ಮುಂದಿಟ್ಟು ಮಾತಾಡಿ. ಆಮೇಲೂ ಬಲಗೈ ಎಂದೇ ಪಟ್ಟು ಹಿಡಿದರೆ ಬದಲಿಸಬೇಕಾದದ್ದು ಕೋಚನ್ನು.